ಆಡು ಹಿಂಡುವಷ್ಟು ಹೊತ್ತು

ಬಹಳ ಹಿಂದೇನಲ್ಲ, ಹೋದ ದ್ರಾಕ್ಷಿ ಸುಗ್ಗಿಯ ಕಾಲದಲ್ಲಿ, ಮಮದಾಪುರ ಎಂಬ ಊರಿನ ಕೆರೆಯ ಮೇಲೆ ಒಂದು ಬೆಳಕು ಬಂದು ನಿಂತಿತ್ತಂತೆ. ಕಂಡೆನೆಂದವಳು ಕುರಿ ಕಾಯುವ ಸಾವಂತ್ರವ್ವ. ಬೆಳಕು ಹೊರಟುಹೋಯಿತು, ಮಾತು ಊರಲ್ಲೇ ಉಳಿಯಿತು. ಅದನ್ನು ಕೇಳಲು ವಿಜಯಪುರದಿಂದ ಮನಶ್ಶಾಸ್ತ್ರ ಓದುವ ಕೈನಾತ ಒಂದು ಅಚ್ಚಿನ ಹಾಳೆ ಹಿಡಿದು ಬಂದಳು. ಎಷ್ಟು ನಿಮಿಷ, ಎಷ್ಟು ಮೀಟರ್ ಎತ್ತರ ಎಂದು ಕೇಳಿದಳು. ಮುದುಕಿಗೆ ಎರಡೂ ಹೇಳಲು ಬರಲಿಲ್ಲ. ಹಾಳೆಯ ಕೊನೆಯಲ್ಲಿ ಗ್ರಹ, ವಿಮಾನ, ಡ್ರೋನ್, ಭ್ರಮೆ ಎಂದು ನಾಲ್ಕು ಚೌಕಗಳಿದ್ದವು. ಕೈನಾತ ನಾಲ್ಕನೆಯದಕ್ಕೆ ಗುರುತು ಹಾಕಿ ಬಸ್ಸು ಹತ್ತಿದಳು.

ಆ ಗುರುತನ್ನು ಸಾವಂತ್ರವ್ವನ ಮಗ ಬೀರಣ್ಣ ಹಿಂದೆ ನಿಂತು ಓದಿದ್ದ. ಮರುದಿನದಿಂದ ತಾಯಿಯನ್ನು ಕುರಿಯ ಹಿಂದೆ ಕಳಿಸುವುದನ್ನೇ ಬಿಟ್ಟ. ನಲವತ್ತು ವರ್ಷ ಬಯಲು ತಿರುಗಿದವಳು ಕಟ್ಟೆಯ ಮೇಲೆ ಕೂತಳು. "ನಿಮ್ಮ ಕಾಗದ ನಮ್ಮ ಆಯೀನ ಮನ್ಯಾಗ ಕೂಡ್ರಿಸಿತು ನೋಡ್ರಿ" ಎಂದು ಮೊಮ್ಮಗಳು ನಿರ್ಮಲಾ ಫೋನಿನಲ್ಲಿ ಬೈದ ದಿನ ಕೈನಾತಳಿಗೆ ಊಟ ಸೇರಲಿಲ್ಲ. ಫೋನನ್ನು ಮುದುಕಿಯ ಕೈಗೆ ಕೊಡಿಸಿ ಮಾತು ಕೊಟ್ಟಳು: "ಮತ್ತ ಬರ್ತೀನಿ ಆಯಿ. ನೀವು ಹೇಳಿದ್ದು ಹೇಳಿದಂಗ ಬರದು ನಿಮ್ಮ ಮಗನ ಮುಂದ ಓದ್ತೀನಿ."

ಇಂದು ಬೆಳಗಿನ ಮೊದಲ ಬಸ್ಸಿಗೇ ಬಂದು ಕುರಿದಡ್ಡಿಯ ಪಕ್ಕ ಕೂತಿದ್ದಳು, ಕೈಯಲ್ಲಿ ಖಾಲಿ ಹಾಳೆ.

"ಆ ಚೌಕ ಚೌಕದ ಕಾಗದ ಎಲ್ಲೈತಿ?" ಸಾವಂತ್ರವ್ವ ಕೇಳಿದಳು.

"ಮನ್ಯಾಗ ಬಿಟ್ಟು ಬಂದೀನ್ರಿ."

"ಚಲೋ ಮಾಡಿದಿ. ಅದರಾಗ ನಾ ಹಿಡೀಲಿಲ್ಲ."

ಕೈನಾತಳ ಅಜ್ಜಿ ಮಾಸುಮಬಿ ಜಿನ್ನುಗಳ ಕಥೆ ಹೇಳುವಾಗ, 'ಖರೇನ?' ಎಂದು ಯಾರಾದರೂ ನಡುವೆ ಬಾಯಿ ಹಾಕಿದರೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಸುಮ್ಮನಾಗಿಬಿಡುತ್ತಿದ್ದಳು. 'ಮುಂದ?' ಎಂದವರಿಗಷ್ಟೇ ಕಥೆ ಮುಂದೆ ಸಾಗುತ್ತಿತ್ತು. ಅಂಥ ಮನೆಯಲ್ಲಿ ಬೆಳೆದೂ ಕೇಳುವುದನ್ನು ಮರೆತೆನಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

"ಅವತ್ತ ಕುರಿ ಏನ್ ಮಾಡಾಕತ್ತಿದ್ವು ಆಯಿ?"

ಮುದುಕಿಯ ಬೆನ್ನು ನೆಟ್ಟಗಾಯಿತು. "ಹಾಂ, ಇದು ಕೇಳೂ ಮಾತು! ದೀಪ ಹಚ್ಚೂ ಹೊತ್ತು. ಎಲ್ಲಾ ಮೇಯೂದು ಬಿಟ್ಟು ಕೆರಿ ಕಡೆ ಮಾರಿ ಮಾಡಿದ್ವು. ತ್ವಾಳ ಬಂದ್ರ ಒತ್ತಿಕೊಂಡು ಗುಂಪಾಗ್ತಾವು. ಅವತ್ತ ಆಗಲಿಲ್ಲ. ಅಂದ್ರ ಅಂಜಿರಲಿಲ್ಲ."

"ಮುಂದ?"

"ತಲಿ ಎತ್ತಿ ನೋಡಿದ್ನಿ. ನೀರಿನ ಮ್ಯಾಲ ನಿಂತೈತಿ. ಕೈ ಚಾಚಿ ಹಿಡದ್ರ ಹೆಬ್ಬಟ್ಟಿನ ಉಗುರಿನಷ್ಟು. ತಿಕೋಟಾದ ಒಣದ್ರಾಕ್ಷಿ ಮಣೂಕ ಬಿಸಲಿಗೆ ಹಿಡದ್ರ ಹ್ಯಾಂಗ ಹೊಳಿತೈತಿ, ಆ ಬಣ್ಣ. ನಾ ಆಡು ಹಿಂಡಾಕತ್ತಿದ್ನಿ. ಹಿಂಡಿ ಮುಗಸೂ ತನಕ ಅಲ್ಲೇ ಇತ್ತು. ಆಮ್ಯಾಲ ಕೆರಿ ಏರಿ ಮರಿಗೆ ಇಳೀತು, ಕಾಣಲಿಲ್ಲ."

"ಆ ಆಡು ಈಗ ಐತೇನ್ರಿ?"

ಇತ್ತು. ಸಾವಂತ್ರವ್ವ ಚರಿಗೆ ಹಿಡಿದು ಹಿಂಡಲು ಕೂತಳು. ಕೈನಾತ ಮೊಬೈಲಿನಲ್ಲಿ ಹೊತ್ತು ಅಳೆದಳು. "ನಾಕು ನಿಮಿಷಕ್ಕ ಒಂದೀಟು ಕಡಿಮಿ."

"ಅವತ್ತ ಹಾಲು ಹೆಚ್ಚಿತ್ತು, ಸ್ವಲ್ಪ ಕೂಡಸು. ಇವತ್ತ ಎರಡ ಸಲ ಒದ್ದೈತಿ, ಅಷ್ಟು ಕಳಿ."

ಕೈನಾತ ಕೂಡಿಸಿ, ಕಳೆದು ಬರೆದಳು. ತನ್ನ ಪುಸ್ತಕಗಳಲ್ಲಿ ಇಷ್ಟು ಎಚ್ಚರದ ಸಾಕ್ಷಿ ಅವಳಿಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಬೀರಣ್ಣ ಮೇವಿನ ಹೊರೆ ಹೊತ್ತು ಬಂದ. "ಏನ್ರಿ ಮೇಡಂ, ಇನ್ನೊಂದು ಗುರುತು ಹಾಕಾಕ ಬಂದ್ರೇನು?"

"ಓದಾಕ ಬಂದೀನಿ ಅಣ್ಣಾರ. ಎರಡ ನಿಮಿಷ ನಿಂದರ್ರಿ."

ಅವನು ಹೊರೆ ಇಳಿಸದೆ, ಅತ್ತ ಮುಖ ಮಾಡಿ ನಿಂತ. ಕೈನಾತ ಕುರಿಗಳಿಂದ ಶುರು ಮಾಡಿ, ಹೆಬ್ಬೆರಳ ಉಗುರು, ಮಣೂಕದ ಬಣ್ಣ, ಆಡಿನ ಒದೆತದವರೆಗೆ ಎಲ್ಲವನ್ನೂ ಓದಿದಳು. ಕೊನೆಗೆ, "ಆಮೇಲೆ ಬೆಳಕು ಏರಿಯ ಮರೆಗೆ ಇಳಿದು ನಂದಿಹೋಯಿತು."

"ನಂದಲಿಲ್ರಿ," ಎಂದ ಬೀರಣ್ಣ. "ಏರಿ ದಾಟಿ ಕೆಂಪಾತು. ಬಬಲೇಶ್ವರದ ಕಡೆ ಹೋತು."

ಹೇಳಿ, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವನಂತೆ ಹೊರೆ ಕೆಳಗೆ ಬಿಟ್ಟ.

"ಲೇ, ನೀನೂ ಕಂಡಿದ್ಯೇನೋ?" ಸಾವಂತ್ರವ್ವನ ದನಿ ಏರಿತು.

"ಗಾಡಿ ಮ್ಯಾಲ ಬರಾಕತ್ತಿದ್ನಿ ಬೇ. ಮೊದಲ ಮಂದಿ ನಿನ್ನ ನೋಡಿ ನಕ್ರು, ಸುಮ್ನಾದ್ನಿ. ಆಮ್ಯಾಲ ಇವರು ಭ್ರಮೆ ಅಂತ ಬರದ್ರು. ನನಗೂ ಅದ ಬ್ಯಾನಿ ಬಂದೈತಿ ಅಂತ ಜೀವಾ ಹಾರಿತು. ಯಾರ ಮುಂದ ಹೇಳಲಿ?"

"ತಪ್ಪು ನಂದು ಅಣ್ಣಾರ," ಎಂದಳು ಕೈನಾತ.

"ಮತ್ತ ನಾ ನಂದೀತು ಅಂದಿಲ್ಲ," ಮುದುಕಿ ಹಾಳೆಯತ್ತ ಬೆರಳು ತೋರಿದಳು. "ಕಾಣಲಿಲ್ಲ ಅಂದೀನಿ. ನಂದೀತು ಅನ್ನೂ ಮಾತು ನಿಂದು."

ಕೈನಾತಳ ಕಿವಿ ಕೆಂಪಾದವು. 'ನಂದಿಹೋಯಿತು' ಎಂಬುದನ್ನು ಹೊಡೆದುಹಾಕಿ 'ನನಗೆ ಕಾಣಲಿಲ್ಲ' ಎಂದು ಬರೆದಳು. ಅದರ ಕೆಳಗೆ ಬೀರಣ್ಣನ ಮಾತು, ಅವನು ಹೇಳಿದ ಹಾಗೆಯೇ.

"ಅದು ಏನಂತ ಬರೀತೀರಿ?" ಅವನು ಅಂಜುತ್ತಲೇ ಕೇಳಿದ.

"ಗೊತ್ತಿಲ್ಲ ಅಂತ. ಗೊತ್ತಾಗೂ ತನಕ ಕೇಳತೀನಿ."

ಮತ್ತೆ ಮೊದಲಿನಿಂದ ಓದಿದಳು. ಈ ಸಲ ಯಾರೂ ನಡುವೆ ತಡೆಯಲಿಲ್ಲ. ಓದಿ ಮುಗಿದಾಗ ಸಾವಂತ್ರವ್ವ ಎದ್ದು, ಕೋಲು ತೆಗೆದುಕೊಂಡು ದಡ್ಡಿಯ ಬಾಗಿಲು ಸರಿಸಿದಳು. ಕುರಿಗಳು ನೂಕಾಡುತ್ತ ಹೊರಬಿದ್ದವು. ಬೀರಣ್ಣ ದಾರಿ ಬಿಟ್ಟು ನಿಂತ.

"ಸಂಜಿಮುಂದ ನೀ ಏರಿ ಆ ಕಡೆ ನಿಂದರು, ಈ ಕಡೆ ನಾ ಇರ್ತೀನಿ," ನಡೆಯುತ್ತಲೇ ಅವಳು ಮಗನಿಗೆ ಕೂಗಿ ಹೇಳಿದಳು. "ಈ ಸಲ ಕಂಡ್ರ ಸುಮ್ನ ಮನಿಗೆ ಬರಬ್ಯಾಡ. ಒದರು!"