ನಲವತ್ತು ನಿಮಿಷ ಸಾಕು

"ನಲವತ್ತು ನಿಮಿಷ ಸಾಕು ಮೇಡಂ," ಎನ್ನುತ್ತ ಮದುವೆ ಗಂಡು ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಸ್ಟುಡಿಯೋದ ಮೇಜಿನ ಮೇಲೆ ಹರಡಿದ. ಹದಿನಾಲ್ಕು ಭಂಗಿ, ತಲಾ ಎರಡು ನಿಮಿಷ. ಎರಡು ಸಲ ಬಟ್ಟೆ ಬದಲಾವಣೆ, ತಲಾ ನಾಲ್ಕು. ಉಳಿದ ನಾಲ್ಕು ನಿಮಿಷದ ಎದುರು 'ಇತರೆ' ಎಂದು ಬರೆದು ಅಡಿಗೆರೆ ಎಳೆದಿದ್ದ. ಪ್ರೀತಿ ಗೀತಿ ಏನಾದರೂ ಬರುವುದಿದ್ದರೆ ಆ ನಾಲ್ಕು ನಿಮಿಷದಲ್ಲೇ ಬಂದು ಹೋಗಬೇಕಿತ್ತು.

ಅವನ ಉದ್ಯೋಗವೇ ಅಂಥದ್ದು. ಬಿಸ್ಕತ್ತು ಕಾರ್ಖಾನೆಯಲ್ಲಿ, ಒಂದು ಪೊಟ್ಟಣ ಕಟ್ಟಲು ಒಂದು ಕೈಗೆ ಎಷ್ಟು ಸೆಕೆಂಡು ಬೇಕೆಂದು ಅಳೆಯುವುದು. ಪೊಟ್ಟಣ ಕಟ್ಟುವ ಹೆಂಗಸರು ಬೆನ್ನ ಹಿಂದೆ ಅವನನ್ನು ಸೆಕೆಂಡು ಸಾಹೇಬ ಎನ್ನುತ್ತಿದ್ದರು. ಫೋಟೋಗ್ರಾಫರ್ ಹೆಂಗಸಿಗೆ ಆ ಬೀದಿಯಲ್ಲಿ ಎಲ್ಲರೂ ಅಕ್ಕ ಅನ್ನುವವರೇ. ಅಕ್ಕ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹಣೆ ಒತ್ತಿಕೊಂಡಳು. ಅರ್ಧ ದಿನವಾದರೂ ಬೇಕು, ಎದುರಿಗೆ ಕ್ಯಾಮೆರಾ ಇದೆ ಅನ್ನುವುದನ್ನು ಜೋಡಿ ಮರೆಯುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ, ಅದಕ್ಕೆ ಮುಂಚೆ ತೆಗೆದದ್ದರಲ್ಲಿ ಬರೀ ಹಲ್ಲು ಬರುತ್ತದೆ ಎಂದಳು. ಹಲ್ಲು ಬಂದರೆ ನಗು ಬಂದ ಹಾಗೇ ಅಲ್ಲವೇ ಎಂದು ಅವನು ಕೇಳಿದ.

ಪಕ್ಕದಲ್ಲೇ ಕೂತಿದ್ದ ಮದುವೆ ಹುಡುಗಿಗೂ ಅರ್ಧ ದಿನವೇ ಬೇಕಿತ್ತು, ಆದರೆ ಫೋಟೋಗಲ್ಲ. ನಿಶ್ಚಿತಾರ್ಥವಾಗಿ ಆರು ವಾರ. ಇಬ್ಬರೇ ಕೂತು ಹತ್ತು ನಿಮಿಷ ಮಾತಾಡಿದ್ದಿಲ್ಲ. ಹೋದ ತಿಂಗಳು ಅವನ ತಾಯಿ, ಮದುವೆಯ ಮರುದಿನದಿಂದ ಲ್ಯಾಬಿನ ಕೆಲಸ ಬೇಡ ಎಂದು ಸಲೀಸಾಗಿ ಹೇಳಿಬಿಟ್ಟಿದ್ದರು. ಎಂಟು ವರ್ಷದಿಂದ ಅವಳು ಆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ಸೂಜಿ ಕಂಡರೆ ಊರು ಒಂದು ಮಾಡುವ ಮಕ್ಕಳೂ ಅವಳ ಹತ್ತಿರ ಮೆತ್ತಗೆ ಕೈ ಚಾಚುತ್ತಿದ್ದವು. ಆ ಕೆಲಸ ಬಿಡುವ ಮಾತೇ ಇರಲಿಲ್ಲ. ತಾಯಿಯ ಮಾತು ಮಗನದೂ ಹೌದೋ ಎಂದು ಮೂರು ಸಲ ಫೋನಿನಲ್ಲಿ ಕೇಳಿದ್ದಳು. ಮೂರು ಸಲವೂ, ಇದೆಲ್ಲ ಫೋನಿನಲ್ಲಿ ಬೇಡ, ಸಿಕ್ಕಾಗ ಮಾತಾಡೋಣ ಎಂದಿದ್ದ. ಇವತ್ತು ಸಿಕ್ಕಿದ್ದ. ಹೌದು ಎಂದರೆ ಈ ಮದುವೆ ಬೇಡ ಎಂದು ಸ್ಟುಡಿಯೋದ ಮೆಟ್ಟಿಲು ಹತ್ತುವಾಗಲೇ ಅವಳು ಗಟ್ಟಿ ಮಾಡಿಕೊಂಡಿದ್ದಳು.

ನಲವತ್ತು ನಿಮಿಷಕ್ಕೇ ಅವನು ಪಟ್ಟು ಹಿಡಿದ. ಭಂಗಿ ಮೂರು: ವಧು ವರನ ಭುಜದ ಮೇಲೆ ತಲೆಯಿಡುವುದು. ತಲೆ ಎರಡು ಬೆರಳು ಕೆಳಗಿರಲಿ ಎಂದ. ಅವನ ಎಡಗೆನ್ನೆ ಚೆಂದ, ಅದು ಮರೆಯಾಗಬಾರದು. ಅವಳು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಐದೂವರೆ ನಿಮಿಷವಾಗಿತ್ತು. ಹೆಚ್ಚಾದ ಒಂದೂವರೆ ನಿಮಿಷವನ್ನು 'ಒಬ್ಬರನ್ನೊಬ್ಬರು ಕಣ್ತುಂಬ ನೋಡುವುದು' ಎಂಬಲ್ಲಿ ಕತ್ತರಿಸಿದ. ನೋಡುವಾಗಲೂ ಅವನು ನೋಡಿದ್ದು ಅವಳ ಹುಬ್ಬನ್ನು. ಕಣ್ಣು ನೋಡಿದರೂ ಹುಬ್ಬು ನೋಡಿದರೂ ಫೋಟೋದಲ್ಲಿ ಒಂದೇ ಥರ ಕಾಣುತ್ತದಂತೆ. ನಡುವೆ ಅವಳೊಮ್ಮೆ ಬಾಯಿ ತೆರೆದಳು. ಮಾತಾಡಿದರೆ ಬಾಯಿ ಸೊಟ್ಟಗೆ ಬರುತ್ತದೆ, 'ಇತರೆ' ಬರಲಿ, ಆಗ ಮಾತಾಡೋಣ ಎಂದ.

ಹದಿಮೂರು ಭಂಗಿ ಮುಗಿದ ಮೇಲೆ 'ಇತರೆ' ಬಂತು. ಆ ನಾಲ್ಕು ನಿಮಿಷವನ್ನು ಅವನು ಒಬ್ಬನೇ ನಿಂತು ಫೋಟೋ ತೆಗೆಸಿಕೊಳ್ಳಲು ಇಟ್ಟುಕೊಂಡಿದ್ದ. ಅವನು ಗದ್ದ ಎತ್ತಿ ಗೋಡೆಯ ಮೂಲೆ ನೋಡುತ್ತ ನಿಂತ. ಅವಳು ದೀಪದ ಪಕ್ಕಕ್ಕೆ ಬಂದು ಕೇಳಿಯೇಬಿಟ್ಟಳು.

"ನಾನು ಕೆಲಸ ಬಿಡಬೇಕು ಅನ್ನೋದು ನಿಮ್ಮ ಮಾತೂ ಹೌದಾ?"

"ಅದು ಆಗಲೇ ಮುಗಿದ ವಿಷಯ ಅಲ್ವಾ? ಸ್ವಲ್ಪ ಆಚೆ ನಿಲ್ಲು, ನೆರಳು ಬೀಳ್ತಿದೆ," ಎಂದ ಅವನು, ಗದ್ದ ಇಳಿಸದೆ.

ಅವಳು ಆಚೆ ನಿಂತಳು. ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಿದ್ದೆಗೆಟ್ಟು ಕಾದದ್ದು ಈ ಉತ್ತರಕ್ಕೇ ಎಂದು ತನ್ನ ಮೇಲೂ ಸಿಟ್ಟು ಬಂತು.

ಉಳಿದದ್ದು ಭಂಗಿ ಹದಿನಾಲ್ಕು: ವಧು ವರನ ಕಿವಿಯಲ್ಲಿ ಗುಟ್ಟು ಹೇಳುವುದು, ವರ ನಗುವುದು. ಅವನು ಎಡಗೆನ್ನೆಯನ್ನು ಬೆಳಕಿಗೆ ಕೊಟ್ಟು, ಹಲ್ಲು ಬಿಟ್ಟು ತಯಾರಾದ. ಏನಾದರೂ ಹೇಳಮ್ಮ, ಬರೀ ತುಟಿ ಆಡಿಸಬೇಡ ಎಂದಳು ಅಕ್ಕ. ಹುಡುಗಿ ಅವನ ಕಿವಿಯ ಹತ್ತಿರ ಬಾಗಿದಳು.

"ನಾನು ನಿಮ್ಮನ್ನ ಮದುವೆ ಆಗಲ್ಲ. ಇವತ್ತು ಸಂಜೆನೇ ಅಪ್ಪನಿಗೆ ಹೇಳಿಬಿಡ್ತೀನಿ."

"ಹಾಂ, ಹಾಗೇ ಹೇಳ್ತಾ ಇರು, ಚೆನ್ನಾಗಿ ಬರ್ತಿದೆ," ಎಂದ ಅವನು ಹಲ್ಲಿನ ಸಂದಿಯಿಂದ. "ಮೇಡಂ, ಬೇಗ ತೆಗೀರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕು ಮಾರು ದೂರದಲ್ಲಿದ್ದ ಅಕ್ಕನಿಗೆ ಆ ಗುಟ್ಟು ಸರಿಯಾಗಿಯೇ ಕೇಳಿಸಿತ್ತು. ಒಂದು ಗಳಿಗೆ ಅವಳ ಬೆರಳು ತಡೆಯಿತು, ಆಮೇಲೆ ಒತ್ತಿತು. ಹುಡುಗಿ ತನ್ನ ಚೀಲ ಎತ್ತಿಕೊಂಡು, ಅಕ್ಕನ ಕೈಯನ್ನೊಮ್ಮೆ ಹಿಡಿದು ಬಿಟ್ಟು, ಮೆಟ್ಟಿಲಿಳಿದು ಹೋದಳು. ಲ್ಯಾಬಿಗೆ ಹೊತ್ತಾಯಿತೇನೋ ಎಂದುಕೊಂಡು ಅವನು ತಲೆ ಎತ್ತಲಿಲ್ಲ.

ಆಗಲೇ ಅವನು ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಮೂವತ್ತೊಂಬತ್ತೇ ನಿಮಿಷ, ನೀವು ನೋಡಿದರೆ ಅರ್ಧ ದಿನ ಅಂತಿದ್ದಿರಿ ಎಂದು ಅಕ್ಕನನ್ನು ಚುಚ್ಚಿದ. ಉಳಿದ ಫೋಟೋಗಳನ್ನೆಲ್ಲ ಸರಸರನೆ ಸರಿಸಿ, ಕೊನೆಯದರ ಮೇಲೆ ಬೆರಳಿಟ್ಟ.

"ಇದನ್ನೇ ಆಳೆತ್ತರಕ್ಕೆ ದೊಡ್ಡದು ಮಾಡಿ ಮೇಡಂ, ಮದುವೆ ಮನೆ ಬಾಗಿಲಲ್ಲಿ ನಿಲ್ಲಿಸಬೇಕು. ನೋಡಿ, ಇದರಲ್ಲಿ ಮಾತ್ರ ಅವಳು ಮನಸ್ಸು ಬಿಚ್ಚಿ ನಗ್ತಿದಾಳೆ."