ಒಣಗುವ ಹತ್ತು ನಿಮಿಷ

“ಗ್ಲೌಸ್ ಹಾಕ್ಕೊಳ್ದೆ ಮುಟ್ಬೇಡಿ ಅಕ್ಕಾ,” ಎಂದು ಹೊಲಿಗೆಯವಳು ಕುಪ್ಪಸ ಸರಿಸಿ ಬೆನ್ನು ತಿರುಗಿಸಿದಳು. ಚರ್ಮಕ್ಕೆ ಬರುವ ಲಿಂಫೋಮಾ ಎಂಬ ಕ್ಯಾನ್ಸರಿನ ಮಚ್ಚೆಗಳು ಅವಳ ಕೈಗೆಟುಕದ ಕಡೆಗೂ ಹಬ್ಬಿದ್ದವು. ಮೂರು ದಿನ ಹಿಂಜರಿದು, ಕೊನೆಗೆ ಪಕ್ಕದ ಮನೆಯ ನಿವೃತ್ತ ಟೀಚರನ್ನು ಕರೆದಿದ್ದಳು.

“ಇದು ಅಂಟುತ್ತೇನಮ್ಮಾ?”

“ಕಾಯಿಲೆ ಅಂಟಲ್ಲ. ಈ ಮುಲಾಮು ನಿಮ್ಮ ಚರ್ಮಕ್ಕೆ ತಾಗಬಾರದು, ಅಷ್ಟೇ. ಆಮೇಲೆ ಸೋಪು ಹಾಕಿ ಕೈ ತೊಳ್ಕೊಂಡ್ಬಿಡಿ.”

ಟೀಚರ್ ಗ್ಲೌಸ್ ಹಾಕಿಕೊಂಡು ಮುಲಾಮನ್ನು ತೆಳ್ಳಗೆ ಸವರಿದರು. ಗಂಡ ಹೋದ ಆರು ವರ್ಷಗಳಲ್ಲಿ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

“ಇನ್ನು ನೀವು ಹೊರಡಿ ಅಕ್ಕಾ. ಒಣಗೋಕೆ ಹತ್ತು ನಿಮಿಷ ಬೇಕು, ಅಲ್ಲೀವರೆಗೆ ಬಟ್ಟೆ ಹಾಕೋ ಹಾಗಿಲ್ಲ.”

ಟೀಚರ್ ಕೈ ತೊಳೆದು ಬಂದು, ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದುಕೊಂಡು ಕೂತರು.

“ನಾಳೆ ಎಷ್ಟೊತ್ತಿಗೆ ಬರ್ಲಿ?”