ಬಾಳವ್ವನ ಹಸಿರು

ಚಿತ್ರಗಾರ ಹಂಪಣ್ಣ ತೀರಿಹೋದ ಮೇಲೆ ಅವನ ಚಿತ್ರಗಳನ್ನೆಲ್ಲ ಅನಾಥಾಶ್ರಮಕ್ಕಾಗಿ ಹರಾಜಿನ ಸವಾಲಿಗೆ ಇಟ್ಟರು. ಬಟ್ಟೆಬರೆ, ಬಾಗಿಲು, ಗಡಿಗೆ, ಏನನ್ನು ಬರೆದರೂ ಅದರ ಬಣ್ಣ ಚಿತ್ರಕ್ಕೆ ಹೋಗಿಬಿಡುತ್ತದೆಂಬುದು ಎಲ್ಲರೂ ಬಲ್ಲ ಮಾತು. ಹಾಗಾಗಿ ಸವಾಲು ಕೂಗುವ ಮೊದಲು ಬಣ್ಣ ಕಳಕೊಂಡವರನ್ನು ಕರೆದು ಕೇಳುವುದು ರೂಢಿ. ಬೇಕೆಂದರೆ ಚಿತ್ರವನ್ನು ಅಲ್ಲೇ ಕೊಪ್ಪರಿಗೆ ನೀರಿನಲ್ಲಿ ತೊಳೆಯುತ್ತಾರೆ. ಚಿತ್ರ ಅಳಿದು, ಬಣ್ಣ ತನ್ನ ವಸ್ತುವಿಗೆ ಮರಳುತ್ತದೆ.

ಫಕೀರವ್ವ ಬೂದಿಬಣ್ಣದ ಇಳಕಲ್ ಸೀರೆಯ ಗಂಟು ಹಿಡಿದು ಕೂತಿದ್ದಳು. ಅಕ್ಕ ಬಾಳವ್ವ ಅದನ್ನುಟ್ಟು ಹಂಪಣ್ಣನ ಮುಂದೆ ಕೂತ ದಿನವೇ ಅದರ ಹಸಿರು ಹೋಗಿತ್ತು. ಆ ವರ್ಷ ಅಕ್ಕನೂ ಹೋದಳು. ಈಗ ಮೊಮ್ಮಗಳು ದಾಕ್ಷಾಯಣಿಯ ಮದುವೆ. ಧಾರೆಗೆ ಆ ಹಸಿರನ್ನೇ ಉಡಿಸುತ್ತೇನೆಂದು ಮುದುಕಿ ಮಾತು ಕೊಟ್ಟಿದ್ದಳು.

ಸವಾಲಿನವನು ಚಿತ್ರ ಎತ್ತಿ ಹಿಡಿದ. "ತೊಳೀಲೇನಬೇ ಆಯಿ?"

"ಹೂಂ ಅನ್ನು ಆಯಿ, ಏನ್ ಗರಾ ಬಡದಂಗ ಕುಂತಿ!" ದಾಕ್ಷಾಯಣಿ ತಿವಿದಳು.

ಚಿತ್ರದಲ್ಲಿ ಬಾಳವ್ವ ಸೆರಗಿನ ತುದಿ ಕಚ್ಚಿ ನಗು ತಡೆದಿದ್ದಳು. ಅಕ್ಕನ ಮುಖ ತನಗೆ ಮರೆತೇ ಹೋಗಿತ್ತೆಂದು ಫಕೀರವ್ವನಿಗೆ ತಿಳಿದದ್ದು ಆಗ. ಅದು ಬೇರೆಲ್ಲೂ ಉಳಿದಿರಲಿಲ್ಲ.

"ಬ್ಯಾಡಪ್ಪಾ. ಸವಾಲು ಕೂಗು. ಯಾರ ಮನಿಯೊಳಗರ ನಕ್ಕೋತ ಇರಲಿ."

"ಮತ್ತ ನಾ ಬೂದಿ ಸೀರಿ ಉಡ್ಲೇನು? ಹಸಿರು ಎಲ್ಲಿ ಅಂತ ಬೀಗರು ಕೇಳಿದ್ರ?"

ಫಕೀರವ್ವ ಗಂಟು ಬಿಚ್ಚಿ, ಸೀರೆಯನ್ನು ಮೊಮ್ಮಗಳ ಹೆಗಲಿಗೆ ಹೊದಿಸಿದಳು.

"ನಮ್ಮ ದೊಡ್ಡಾಯಿ ಇನ್ನೂ ಉಟ್ಕೊಂಡಾಳ್ರಿ ಅಂತ ಹೇಳು."